ಕಟಕೋಳದಲ್ಲಿ ಕಂಡ ಸ್ಪರ್ಧೆ

ರಾಮದುರ್ಗದ ಬಸ್ಸಿಗೆ ಎಂದಿನಂತೆ ಅರ್ಧ ತಾಸು ಮೊದಲೇ ಬಂದು ಕಟಕೋಳದ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದ ಚಹಾದಂಗಡಿಯಲ್ಲಿ ಕೆಂಪು ಕೋಟಿನ ಬ್ಯಾಂಡಿನವರು ಒಂದೇ ಮೊಬೈಲಿಗೆ ಮುಗಿಬಿದ್ದಿದ್ದರು. ಅವರ ಮಾಸ್ತರ ಭೀಮಪ್ಪನ ಮಗಳು ಸುಜಾತಾ ಪರದೇಶದಲ್ಲಿ, ದೊಡ್ಡ ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವವರ ಅಂತರರಾಷ್ಟ್ರೀಯ ಸ್ಪರ್ಧೆಗೆ ನಿಂತಿದ್ದಳು. ಈಗ ಗೆದ್ದರೆ ಅಂತಿಮ ಸುತ್ತು.

ನಾನೂ ಮೊಬೈಲಿಗೆ ಇಣುಕಿದೆ. ಕೊನೆಯ ಸರದಿಯವಳಾದ ಅವಳ ಸಮಯ ಶುರುವಾಯಿತು. ಆದರೆ ಅವಳು ಕೈಯೆತ್ತಲಿಲ್ಲ. ವಾದಕರೆಲ್ಲರನ್ನೂ ದಾಟಿ ಕೊನೆಯ ಸಾಲಿಗೆ ಹೋಗಿ, ಅಲ್ಲಿದ್ದ ಡೋಲು ಮುಟ್ಟಿ ನಮಸ್ಕರಿಸಿದಳು. ಅದನ್ನು ಮಾಡದೆ ಈ ಬ್ಯಾಂಡಿನವರು ಎಲ್ಲಿಯೂ ಬಾರಿಸುವುದಿಲ್ಲವಂತೆ.

“ಅಲ್ಲಿಮಟಾ ಯಾಕ ಹೋದ್ಲು ಇಕಿ? ಟೈಮ್ ಹಾಳಾತು,” ಎಂದು ಭೀಮಪ್ಪ ತಲೆ ಹಿಡಿದುಕೊಂಡ.

“ನೀವ ಕಲಿಸಿದ್ದಲ್ರಿ ಮಾಸ್ತರ,” ಎಂದ ಕ್ಲಾರಿನೆಟ್‌ನವ.

ನುಡಿಸುವುದು ಇನ್ನೂ ಉಳಿದಿರುವಾಗಲೇ ಅವಳ ಸಮಯ ಮುಗಿದ ಗಂಟೆ ಹೊಡೆಯಿತು. ಕೆಲಸ ಕೆಟ್ಟಿತೆಂದು ನನಗೂ ಅನಿಸಿತು. ಅಷ್ಟರಲ್ಲಿ ಅಂದು ಬ್ಯಾಂಡಿನವರು ಬಾರಿಸಬೇಕಿದ್ದ ಮದುವೆ ಮನೆಯ ಹಿರಿಯರೊಬ್ಬರು ಬಂದರು.

“ವರ ಕುದುರಿ ಹತ್ತಿ ಕುಂತಾನ. ನೀವಿಲ್ಲಿ ಸಿನಿಮಾ ನೋಡಾಕ ಹತ್ತೀರಿ?”

“ಇನ್ನ ಒಂದೀಟ ತಡೀರಿ ಕಾಕಾ. ಮಗಳ ಹೆಸರ ಓದ್ತಾರೇನ ನೋಡ್ತೇನಿ.”

ಕಾಕಾ ಗೊಣಗುತ್ತಲೇ ಮೊಬೈಲಿಗೆ ಬಗ್ಗಿದರು. ಅಂತಿಮ ಸುತ್ತಿಗೆ ಆಯ್ಕೆಯಾದವರಲ್ಲಿ ಕೊನೆಯದಾಗಿ ಓದಿದ ಹೆಸರು ಸುಜಾತಾಳದು.

“ಏಳ್ರಲೇ,” ಎಂದ ಭೀಮಪ್ಪ. “ಇಲ್ಲಿಂದನ ಬಾರಿಸಿಕೋತ ಹೋಗೋಣು.”

ನನ್ನ ಬಸ್ಸು ವೇಳೆಗೆ ಸರಿಯಾಗಿ ಬಂದು ಅವರ ಹಿಂದೆ ಸಿಕ್ಕಿಕೊಂಡಿತು. ನಾನು ಕಿಟಕಿಯಿಂದ ನೋಡಿದೆ. ಭೀಮಪ್ಪ ತನ್ನ ತುತ್ತೂರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಬಾರಿಸುವವರಿಗೆ ಮುಖಮಾಡಿ ಕೈಯಾಡಿಸುತ್ತ, ಹಿಮ್ಮುಖವಾಗಿ ನಡೆಯುತ್ತಿದ್ದ.