ಬಾದಾಮಿಯ ರವಿವಾರಗಳು

ಬಾಗಲಕೋಟೆಯ ನವನಗರದಲ್ಲಿ ಸಂಜೆ ಚಹಾ ಕುಡಿಯುತ್ತ ಕುಳಿತಾಗ ಬಸವೇಶ್ವರಿಯ ನಾಲಿಗೆ ತಪ್ಪಿತು. ಎದುರಿಗಿದ್ದವನು ಪ್ರವೀಣಕುಮಾರ. ಅವಳ ಬಾಯಿಂದ ಬಂದದ್ದು, "ಶಿರೀಷ, ಸಕ್ರಿ ಸಾಕ?"

ಪ್ರವೀಣಕುಮಾರ ಬಶಿಗೆ ಸುರಿದುಕೊಂಡ ಚಹಾ ಮುಗಿಸಿ ಮೆಲ್ಲಗೆ ಕೇಳಿದ. "ಯಾರ್ರಿ ಅವರು?"

ಅವನು ರಾಮಥಾಳದ ನೀರಾವರಿ ಕೆಲಸದಲ್ಲಿ ಎಂಜಿನಿಯರ್. ನಿಶ್ಚಿತಾರ್ಥದ ನಂತರ ಮುರಿದುಹೋದ ಮದುವೆಯೊಂದು ಅವನ ಬೆನ್ನಿಗಿತ್ತು. ಬಸವೇಶ್ವರಿ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆ ಮಾಡುವವಳು, ವಯಸ್ಸು ಮೂವತ್ತು ದಾಟಿತ್ತು. ಕೆಲವು ತಿಂಗಳಿಂದ ಇಬ್ಬರೂ ಭೇಟಿಯಾಗುತ್ತಿದ್ದರು. ಐಹೊಳೆಗೆ ಹೋಗೋಣವೆಂದರೆ ಬಿಸಿಲೆನ್ನುವಳು, ಬಾದಾಮಿಯೆಂದರೆ ತಲೆನೋವೆನ್ನುವಳು. ಆ ಊರುಗಳ ಮೂಲೆಮೂಲೆಯಲ್ಲೂ ಶಿರೀಷನೇ ನಿಂತಿದ್ದ.

ಅಂದು ಎಲ್ಲ ಹೇಳಿದಳು. ಶಿರೀಷ ಅವಳ ಹಾಸ್ಟೆಲ್ ಗೆಳತಿ ಶುಭದಾಳ ಅಣ್ಣ. ತಾಯಿಯಿಲ್ಲದ ಬಸವೇಶ್ವರಿಯನ್ನು ಶುಭದಾ ರವಿವಾರ ಬಂತೆಂದರೆ ಬಾದಾಮಿಯ ತಮ್ಮ ಮನೆಗೆ ಕರೆದೊಯ್ಯುತ್ತಿದ್ದಳು. ಅವರ ತಾಯಿ ರುಕ್ಮಿಣೀಬಾಯಿ ಬಿಸಿ ಥಾಲಿಪಟ್ಟಿನ ಮೇಲೆ ಬೆಣ್ಣೆ ಇಟ್ಟು ಬಡಿಸುವರು. ಆಮೇಲೆ ಪಡಸಾಲೆಯಲ್ಲಿ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುವರು. ಇಳಿಹೊತ್ತಿನಲ್ಲಿ ಅಗಸ್ತ್ಯತೀರ್ಥದ ಕೆರೆಯ ಪಾವಟಿಗೆಯ ಮೇಲೆ ಶಿರೀಷನ ಜೊತೆ ಮಾತು. ಒಮ್ಮೆ ಮಂಗವೊಂದು ಅವನ ಕನ್ನಡಕ ಕಸಿದು ಗುಡ್ಡ ಹತ್ತಿತ್ತು. ಅಂದು ಅವನು "ಏನೂ ಕಾಣಸವಲ್ದು" ಎನ್ನುತ್ತ, ಬೇಕಂತಲೇ ಎಡವುತ್ತ, ಬಸ್ ನಿಲ್ದಾಣದವರೆಗೂ ಅವಳ ಕೈ ಹಿಡಿದೇ ಬಂದಿದ್ದ.

ಅವನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಫೋನು ವಾರಕ್ಕೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿ, ನಿಂತೇ ಹೋಯಿತು. ಜಗಳವೂ ಆಗಲಿಲ್ಲ. ಅವನ ಮದುವೆಯ ಸುದ್ದಿಯನ್ನು ಶುಭದಾ ಅಳುತ್ತ ಹೇಳಿದಳು. ಬಸವೇಶ್ವರಿ ಮತ್ತೆ ಆ ಮನೆಗೆ ಹೋಗಲಿಲ್ಲ.

"ಅವ ನೆನಪಾದ್ರ ಸಿಟ್ಟು ಬರ್ತೈತ್ರಿ," ಎಂದಳು. "ಅವರವ್ವ ನೆನಪಾದ್ರ ಅಳು ಬರ್ತೈತಿ."

ಪ್ರವೀಣಕುಮಾರ ಬಶಿಯನ್ನು ಪಕ್ಕಕ್ಕೆ ಸರಿಸಿದ. "ಹಂಗಾದ್ರ ಅವರನ್ನ ನೋಡಿ ಬರೋಣಲ್ಲ. ಅವರೇನು ಪುಣೆಕ ಹೋಗಿಲ್ಲಲ್ಲ."

ಮುಂದಿನ ರವಿವಾರ ಇಬ್ಬರೂ ಬಾದಾಮಿಯ ಆ ಬಾಗಿಲಲ್ಲಿ ನಿಂತರು. ರುಕ್ಮಿಣೀಬಾಯಿಯ ತಲೆ ಪೂರಾ ಬೆಳ್ಳಗಾಗಿತ್ತು. ದಿಟ್ಟಿಸಿ ನೋಡಿದರು.

"ಬಸೂ, ಎಷ್ಟು ಸೊರಗೀದಿ. ಬಾ ಒಳಗ."

ಇಷ್ಟು ವರ್ಷ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಒಲೆ ಹಚ್ಚಿದರು. ಗೋಡೆಯ ಮೇಲೆ ಶಿರೀಷ, ಅವನ ಹೆಂಡತಿ, ಮಗಳ ಫೋಟೋ ಇತ್ತು. ಅವನಿಗೆ ಹೊಟ್ಟೆ ಬಂದಿತ್ತು. ಬಸವೇಶ್ವರಿ ಕಣ್ಣು ತೆಗೆಯದೆ ನೋಡಿದಳು. ಪ್ರವೀಣಕುಮಾರನೂ ಎದ್ದು ಬಂದು ನೋಡಿ, "ಕನ್ನಡಕ ಹೊಸಾದು ತಗೊಂಡಾರ," ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ.

ಹೊರಡುವಾಗ ರುಕ್ಮಿಣೀಬಾಯಿ ಅವನನ್ನು ಪಕ್ಕಕ್ಕೆ ಕರೆದರು. "ಇಕಿ ಸಿಟ್ಟು ಬಂದ್ರ ಊಟಾ ಬಿಡ್ತಾಳಪಾ. ನಿಮಗ ಗೊತ್ತಿರಲಿ."

ಗಾಡಿ ಊರು ದಾಟಿತು. ಬಸವೇಶ್ವರಿ ಹೇಳಿದಳು. "ಗುಳೇದಗುಡ್ಡದ ಕಡೆ ತಿರುಗಸ್ರಿ. ಅಪ್ಪನ್ನ ನೋಡೀರಂತ."

ಶಿರೀಷನನ್ನು ಅವಳು ಒಮ್ಮೆಯೂ ತನ್ನ ಮನೆಗೆ ಕರೆದೊಯ್ದಿರಲಿಲ್ಲ. ಅಪ್ಪ ಅಂದಪ್ಪ ಕುಪ್ಪಸದ ಖಣ ನೇಯುತ್ತಿದ್ದವನು ಮಗ್ಗ ನಿಲ್ಲಿಸಿ, ಮಗಳ ಮುಖ ನೋಡಿದ, ಹಿಂದೆ ನಿಂತವನನ್ನು ನೋಡಿದ. ಯಾರು ಏನೆಂದು ಕೇಳಲಿಲ್ಲ.

"ಊಟಾ ಆಗೇತೇನ್ರಿ?"

ಆಗಷ್ಟೇ ಹೊಟ್ಟೆ ಬಿರಿಯುವಂತೆ ಥಾಲಿಪಟ್ಟು ತಿಂದು ಬಂದಿದ್ದ ಪ್ರವೀಣಕುಮಾರ, "ಇನ್ನೂ ಇಲ್ರಿ," ಎಂದು ಕೈ ತೊಳೆಯಲು ಹೋದ.