ಸವೆಯದೆ ಉಳಿದ ಟೈರು

ಕಳೆದ ವಾರ ಕಲಾಸಿಪಾಳ್ಯದ ಟೈರ್ ಅಂಗಡಿಯೊಂದರ ಮುಂದೆ ಹಾದುಬರುತ್ತಿದ್ದೆ. ಗೋಡೆಗೆ ಒರಗಿಸಿದ್ದ ಟ್ರ್ಯಾಕ್ಟರ್ ಟೈರುಗಳ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದು ಕಾಲು ನಿಂತುಹೋಯಿತು. ಎದುರುಮನೆ ಮಾವನ ಅಂಗಿಯಲ್ಲೂ ಇದೇ ವಾಸನೆ ಇರುತ್ತಿತ್ತು...

ಗವಿಪುರದ ನಮ್ಮ ಬೀದಿಯಲ್ಲಿ ಅವರದೊಂದು ಟ್ರ್ಯಾಕ್ಟರ್ ಇತ್ತು. ನನ್ನ ಅಣ್ಣ ಅದರ ಡ್ರೈವರ್. ಮೊದಲು ಪಾಯ ತೋಡಿದ ಮಣ್ಣು ಸಾಗಿಸುತ್ತಿದ್ದರು. ಕೆಸರಲ್ಲಿ ಹಿಂದಿನ ಗಾಲಿ ಹೂತರೆ ಫೋರ್ ವೀಲ್ ಲಿವರ್ ಎಳೆಯಬೇಕು, ಆಗ ಮುಂದಿನ ಗಾಲಿಗಳೂ ಎಳೆಯುತ್ತವೆ. ಆಮೇಲೆ ಹಿಂದೆ ನೀರಿನ ಟ್ಯಾಂಕರ್ ಕಟ್ಟಿದರು. ಅಂದಿನಿಂದ ಮಾವನದು ಒಂದೇ ಕಟ್ಟಳೆ: ಟಾರು ರಸ್ತೆಯಲ್ಲಿ ಫೋರ್ ವೀಲ್ ಮುಟ್ಟಬಾರದು, ಮುಂದಿನ ಟೈರು ಸವೆಯುತ್ತದೆ.

ಅಣ್ಣ ಒಮ್ಮೆ ಮರೆತು ಲಿವರ್ ಎಳೆದ. ಮಾವ ಮುಂದಿನ ಟೈರಿನ ಉಬ್ಬುಪಟ್ಟಿಗಳ ಮೇಲೆ ಬೆರಳಾಡಿಸಿ ನೋಡಿದರು. ಎಂಜಿನ್ನಿನ ಹಳೇ ಬೆಲ್ಟು ತೆಗೆದು ಬೀದಿಯಲ್ಲೇ ಬಾರಿಸಿದರು. ಅಣ್ಣನ ಕಿವಿ ಹರಿಯಿತು.

"ನಿಮ್ಮಪ್ಪನ ಮನೆ ರಬ್ಬರೇನೋ ಇದು? ಇನ್ನೊಂದ್ಸಲ ಮುಟ್ಟು, ಕೈ ಮುರೀತೀನಿ."

ಸಂಜೆ ಅವರೇ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದು, ಯಾರ ಮುಖವನ್ನೂ ನೋಡದೆ ಜಗಲಿಯ ಮೇಲಿಟ್ಟು ಹೋದರು. ಕೆಲಸ ಬಿಡು ಎಂದು ಅಮ್ಮ ಅತ್ತಳು. ಅಣ್ಣ ದೋಸೆ ಬಿಚ್ಚುತ್ತಾ, "ಇನ್ಮೇಲೆ ಮುಟ್ಟಲ್ಲ ಬಿಡಮ್ಮ, ಕಿವಿ ಇರೋದೇ ಎರಡು" ಅಂದ.

ಟ್ರ್ಯಾಕ್ಟರಿನ ಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ಭಾರ ಹೊತ್ತು ಇಳಿಜಾರು ಇಳಿಯುವಾಗ ಫೋರ್ ವೀಲ್ ಹಾಕಿದ್ದರೆ ಮುಂದಿನವೂ ಹಿಡಿದುಕೊಳ್ಳುತ್ತವೆ. ಇದು ಮಾವನಿಗೆ ಗೊತ್ತಿತ್ತು. ಬೆಲ್ಟು ಬೀಸುವಾಗ ಹೇಳಲಿಲ್ಲ, ಅಷ್ಟೇ.

ಮಳೆ ನಿಂತ ಬೆಳಿಗ್ಗೆ, ತುಂಬಿದ ಟ್ಯಾಂಕರ್ ಎಳೆದುಕೊಂಡು ಅಣ್ಣ ನಮ್ಮ ಬೀದಿಯ ಇಳಿಜಾರು ಇಳಿದ. ಬ್ರೇಕು ಒತ್ತಿದ. ಹಿಂದಿನ ಗಾಲಿಗಳು ಜಾರಿದವು. ಟ್ಯಾಂಕರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿ ಕಾಂಪೌಂಡಿಗೆ ಅಪ್ಪಳಿಸಿತು. ಸೀಟಿನಿಂದ ಉರುಳಿಬಿದ್ದ ಅಣ್ಣ ಗೋಡೆಗೂ ದೊಡ್ಡ ಗಾಲಿಗೂ ನಡುವೆ ನಜ್ಜಾಗಿದ್ದ. ಒಡೆದ ಟ್ಯಾಂಕರಿನ ನೀರು ಕೆಂಪಾಗಿ ನಮ್ಮ ಬಾಗಿಲ ಮುಂದೆ ಹರಿಯಿತು...

ಮಾವ ಓಡಿಬಂದು ಮೊದಲು ನೋಡಿದ್ದು ಲಿವರ್. ಅಣ್ಣ ಅದನ್ನು ಮುಟ್ಟಿರಲಿಲ್ಲ. ಅವರು ಹಾರೆ ತಂದು ಮುಂದಿನ ಟೈರುಗಳಿಗೆ ಚುಚ್ಚಿದರು, ಗಾಳಿ ಸಿಡಿದ ಮೇಲೂ ಚುಚ್ಚಿದರು. ಪಟ್ಟಿಗಳು ಹೊಸದರಂತೆಯೇ ಇದ್ದವು. ಸೀಟಿಗೆ ನೇತುಹಾಕಿದ್ದ ಅದೇ ಬೆಲ್ಟು ಎಳೆದುಕೊಂಡು ಅಮ್ಮ ಅವರ ಮುಖಕ್ಕೆ ಹೊಡೆದಳು. ಅವರು ಕೈ ಅಡ್ಡ ತರಲಿಲ್ಲ.

"ನಿಲ್ಲಿಸ್ಬೇಡಿ ಅಕ್ಕ," ಅಂದರು.

ಆಮೇಲೆ ವರ್ಷಗಟ್ಟಲೆ ಅವರು ಇಳಿಜಾರಿನ ತಲೆಯಲ್ಲಿ ಕಲ್ಲಿನ ಮೇಲೆ ಕೂತು, ಬಂದ ಟ್ರ್ಯಾಕ್ಟರನ್ನೆಲ್ಲ ತಡೆಯುತ್ತಿದ್ದರು.

"ಫೋರ್ ವೀಲ್ ಹಾಕೊಂಡು ಇಳಿಯೋ."

"ಯಾಕ್ ಗುರು, ಟೈರ್ ನೀನು ಕೊಡಿಸ್ತೀಯಾ?"

"ಕೊಡಿಸ್ತೀನಿ. ಹಾಕೋ."

ಹೋದ ವರ್ಷ ಅವರೂ ತೀರಿಕೊಂಡರು. ಅಮ್ಮ ಬಾಗಿಲು ತೆರೆಯಲಿಲ್ಲ. ನಾನು ಹೋಗಿ ನೋಡಿ ಬಂದೆ. ಕೆನ್ನೆಯ ಮೇಲೆ ಬೆಲ್ಟಿನ ಗುರುತು ಹಾಗೇ ಇತ್ತು.

ಟೈರ್ ಅಂಗಡಿಯಿಂದ ಮನೆಗೆ ಬರುವಾಗ, ಜಲ್ಲಿ ತುಂಬಿದ ಟ್ರ್ಯಾಕ್ಟರೊಂದು ಆ ಖಾಲಿ ಕಲ್ಲನ್ನು ದಾಟಿ ಇಳಿಜಾರಿಗೆ ತಿರುಗಿತು. ಯಾರೂ ತಡೆಯಲಿಲ್ಲ. ಅದು ಕೆಳಗಿನ ತಿರುವು ದಾಟುವವರೆಗೂ ನಾನು ಅಲ್ಲಾಡದೆ ನಿಂತಿದ್ದೆ...