ಕುಬಸದ ಸೀರೆ ಮತ್ತು ಸೀಟ್‌ಬೆಲ್ಟು

ಹೋದ ಶನಿವಾರ ನನ್ನ ಮೊಮ್ಮಗಳ ಕೈಯಿಂದ ಕಾರಿನ ಕೀ ಕಿತ್ತುಕೊಂಡರು. ಜೋರಾಗಿ ಓಡಿಸಿದಳೇ? ಇಲ್ಲ, ಕಾರು ಇನ್ನೂ ಮನೆ ಮುಂದಿನ ಡ್ರೈವ್‌ವೇ ಬಿಟ್ಟಿರಲಿಲ್ಲ. ಫೋನ್ ಹಿಡಿದಿದ್ದಳೇ? ಅದೂ ಇಲ್ಲ. ಬೆಲ್ಟ್ ಹಾಕಿಕೊಳ್ಳಿ ಅಂದಳು. ಅದೇ ಅಪರಾಧ.

ನಡೆದದ್ದು ಈ ಪರದೇಶದಲ್ಲಿ, ಕ್ಲೈನ್‌ಬರ್ಗಿನ ಶಾಂತಕ್ಕನ ಮನೆಯಲ್ಲಿ. ಸೊಸೆ ರೂಪಾಳಿಗೆ ಏಳು ತಿಂಗಳು, ಕುಬಸ. (ಬೆಂಗಳೂರಿನವರು ಸೀಮಂತ ಅನ್ನುತ್ತಾರೆ. ಹೆಸರು ಯಾವುದಾದರೇನು, ಹೊಟ್ಟೆ ಒಂದೇ.) ಹಸಿರು ಸೀರೆ, ಹಸಿರು ಬಳೆ, ಉಡಿಯ ತುಂಬ ಅಕ್ಕಿ, ಕೊಬ್ಬರಿ, ಉತ್ತತ್ತಿ. ಉಡಿ ತುಂಬಿದ ಮೇಲೆ ಎಲ್ಲರೂ ಗುಡಿಗೆ ಹೊರಟರು. ನಮ್ಮ ಕಾರಿನ ಸೀಟು ಎತ್ತರ, ಬಸುರಿಗೆ ಹತ್ತಿ ಇಳಿಯಲು ಸುಲಭ ಅಂತ ರೂಪಾಳನ್ನು ಅದರ ಮುಂದಿನ ಸೀಟಿನಲ್ಲಿ ಕೂರಿಸಿದರು. ಹಿಂದೆ ನಾನು ಮತ್ತು ಶಾಂತಕ್ಕ. ಓಡಿಸುವವಳು ಮೊಮ್ಮಗಳು ಅನಘಾ, ಹದಿನೇಳು ವರ್ಷದವಳು; ಇಲ್ಲಿ ಆ ವಯಸ್ಸಿಗೇ ಲೈಸೆನ್ಸ್ ಸಿಗುತ್ತದೆ.

ಇವಳ ವಿಷಯ ಸ್ವಲ್ಪ ಹೇಳಬೇಕು. ಥಾರ್ನ್‌ಹಿಲ್ಲಿನ ಇವಳ ಹೈಸ್ಕೂಲಿಗೆ ಕಾರು ಓಡಿಸಿಕೊಂಡು ಬರುವ ಹುಡುಗರಿಗೆ ಬೆಲ್ಟ್ ಅಂದರೆ ಅಲರ್ಜಿ. ಜಾಕೆಟ್ ಮುದುಡುತ್ತದೆ, ಕೂಲ್ ಅಲ್ಲ. ಅದಕ್ಕೆ ಅನಘಾ ಮತ್ತು ಗೆಳತಿಯರು ಸೋಮವಾರ ಬೆಳಿಗ್ಗೆ ಪಾರ್ಕಿಂಗ್ ಗೇಟಿನಲ್ಲಿ ನಿಲ್ಲುತ್ತಾರೆ. ಹಾಕಿದವರಿಗೆ ಲಾಲಿಪಾಪ್. ಹಾಕದವರ ಕಾರು ಮುಂದೆ ಬಿಡುವುದಿಲ್ಲ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ, ಬಯ್ಯುತ್ತಾರೆ, ಕೊನೆಗೆ ಮುಂದಿನವರು ಬೆಲ್ಟ್ ಹಾಕಿಕೊಳ್ಳುತ್ತಾರೆ. ಈಚೆಗೆ ಮನೆಯಿಂದಲೇ ಹಾಕಿಕೊಂಡು ಬರುವವರು ಹೆಚ್ಚಾಗಿದ್ದಾರಂತೆ. ಅದನ್ನು ಹೇಳುವಾಗ ಹುಡುಗಿಯ ಮುಖ ನೋಡಬೇಕಿತ್ತು ನೀವು.

ಅದೇ ಹುಡುಗಿ ರೂಪಾಳಿಗೂ ಅದನ್ನೇ ಹೇಳಿದಳು. ಶಾಂತಕ್ಕ ಹೌಹಾರಿದಳು. ಬಸುರಿಯ ಹೊಟ್ಟೆಗೆ ಪಟ್ಟಿ ಬಿಗಿಯುವುದೇ? ತುಂಬಿದ ಉಡಿಯನ್ನು ಗುಡಿ ಮುಟ್ಟುವ ತನಕ ಇಳಿಸಬಾರದು, ಬಿಗಿದರೆ ಚೆಲ್ಲುತ್ತದೆ. ಅನಘಾ ಸಮಾಧಾನವಾಗಿಯೇ ಹೇಳಿದಳು, "ಆಂಟಿ, ಹೊಟ್ಟೆ ಮೇಲೆ ಅಲ್ಲ, ಕೆಳಗೆ. ತೊಡೆ ಹತ್ರ. ಬೇಬಿಗೆ ಸೇಫ್. ಹಾಕದಿದ್ರೆ ಐ ವೋಂಟ್ ಡ್ರೈವ್."

ರೂಪಾ ಬೆಲ್ಟಿಗೆ ಕೈ ಹಾಕಿದಳು. ಶಾಂತಕ್ಕ ಹಿಂದಿನಿಂದ ಬಾಗಿ ಆ ಕೈ ಸರಿಸಿದಳು.

ಅಷ್ಟರಲ್ಲಿ ಶಾಂತಕ್ಕನ ತಮ್ಮ ಬಂದ. ಎಷ್ಟೋ ವರ್ಷದಿಂದ ಇಲ್ಲಿ ಕಾರು ಓಡಿಸುವ ದೊಡ್ಡ ಮನುಷ್ಯ. "ಕೀ ತಾ ಇಲ್ಲೆ. ನಿನ್ನೆ ಮೊನ್ನೆ ಲೈಸೆನ್ಸ್ ತಗೊಂಡಾಕಿ, ನಮಗ ಕಲಸ್ತೀಯೇನ?" ಸುತ್ತ ನಿಂತವರೆಲ್ಲ ನಕ್ಕರು. ಹುಡುಗಿ ಇಳಿದಳು.

ನಾನೂ ಇಳಿದೆ. ಇಳಿಯುತ್ತ ಹೇಳಿದೆ, "ಶಾಂತಾ, ಉಡಿ ಚೆಲ್ಲಿದ್ರ ಮತ್ತ ತುಂಬಬಹುದು. ಹೊಟ್ಟ್ಯಾಗಿಂದು ಹೋದ್ರ ಏನ್ ತುಂಬ್ತೀ?"

ಶುಭದಿನ ಅಪಶಕುನ ನುಡಿದೆ ಅಂತ ಎಲ್ಲರೂ ಮೇಲೆ ಬಿದ್ದರು. ನುಡಿದೆ, ಹೌದು. ಅಪಾಯ ಮಾಡುವುದು ತಪ್ಪಲ್ಲ, ಅದರ ಹೆಸರು ಹೇಳುವುದು ತಪ್ಪೇ?

ಕಾರು ಹೋಯಿತು, ಬಂತು. ಏನೂ ಆಗಲಿಲ್ಲ. ಕೀ ಕೊಡುತ್ತ ಆ ತಮ್ಮ ನಕ್ಕು ಕೇಳಿದ, "ಏನಾತ್ರಿ ಆಯಿ? ಏನರ ಆತೇನ್ರಿ?"

ಆಗಿತ್ತು. ಸೋಮವಾರ ಗೊತ್ತಾಯಿತು. ಅನಘಾ ಗೇಟಿಗೆ ಹೋಗಲಿಲ್ಲ. ಲಾಲಿಪಾಪಿನ ಚೀಲ ಅಡುಗೆಮನೆಯ ಕೌಂಟರಿನ ಮೇಲೆಯೇ ಬಿದ್ದಿತ್ತು. ಯಾಕೆ ಅಂತ ಕೇಳಿದರೆ, "ವಾಟ್ಸ್ ದ ಪಾಯಿಂಟ್, ಅಜ್ಜಿ? ನಮ್ಮವರೇ ನಗ್ತಾರೆ."

ಮಕ್ಕಳು ಹಿರಿಯರ ಮಾತು ಕೇಳುವುದಿಲ್ಲ ಅಂತ ನಮ್ಮವರ ಪಾಟ್‌ಲಕ್ ಊಟದಲ್ಲಿ ತಟ್ಟೆ ಹಿಡಿದು ಗೋಳಾಡುತ್ತೀರಲ್ಲ, ನೋಡಿ, ಇದೊಂದನ್ನು ಎಷ್ಟು ಬೇಗ ಕೇಳಿಬಿಟ್ಟಳು. ನಾಳೆ ಯಾವನೋ ಗೆಳೆಯ ಕಾರಿನ ತುಂಬ ಹುಡುಗರನ್ನು ತುಂಬಿಕೊಂಡು, ಒಬ್ಬರಿಗೂ ಬೆಲ್ಟಿಲ್ಲದೆ ನ್ಯೂಮಾರ್ಕೆಟ್ ಕಡೆ ಹೈವೇ ಹತ್ತಿದರೆ ಇವಳು ಬಾಯಿ ಬಿಟ್ಟಾಳೇ? ಶನಿವಾರ ಬೆಳಿಗ್ಗೆಯವರೆಗೆ ಬಿಡುತ್ತಿದ್ದಳು. ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಮಾತ್ರ ಕಲಿತ ನನಗೆ ಇಷ್ಟು ತಿಳಿಯುತ್ತದೆ. ನಿಮಗೆ ಯಾಕೆ ತಿಳಿಯುವುದಿಲ್ಲ?

ಒಂದು ಹೇಳುವುದು ಬಿಟ್ಟೆ. ಕುಬಸಕ್ಕೆ ಆ ತಮ್ಮ ತಂದ ಉಡುಗೊರೆ ಏನು ಗೊತ್ತೇ? ಕೂಸಿನ ಕಾರ್ ಸೀಟು, ಕೆಂಪು ರಿಬ್ಬನ್ ಕಟ್ಟಿ. ಭುಜಕ್ಕೆ, ಸೊಂಟಕ್ಕೆ, ಕಾಲ ನಡುವೆ, ಐದು ಪಟ್ಟಿ. ಅದಿಲ್ಲದೆ ಇಲ್ಲಿ ಕೂಸನ್ನು ಆಸ್ಪತ್ರೆಯಿಂದ ಮನೆಗೆ ತರುವ ಹಾಗಿಲ್ಲ ಅಂತ ಭಾಷಣವನ್ನೂ ಬಿಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಟ್ಟಿ ಬಿಗಿದು ತೋರಿಸಲು ಹೋಗಿ ಬಕಲ್ ಬೀಳದೆ ಒದ್ದಾಡಿದಾಗ ಅನಘಾಳೇ ಹೋಗಿ ಹಾಕಿಕೊಟ್ಟಳು.

ಒಳಗಿದ್ದಾಗ ಒಂದು ಪಟ್ಟಿಯೂ ಬೇಡವಾದ ಕೂಸಿಗೆ ಹೊರಬಂದ ಕೂಡಲೇ ಐದು ಬೇಕೆನ್ನುವುದು ಯಾವ ಊರಿನ ಶಾಸ್ತ್ರವೋ ನನಗೆ ಗೊತ್ತಿಲ್ಲ. ಹೇಳು ತಮ್ಮಾ, ಕೂಸನ್ನು ಮನೆಗೆ ತರುವ ದಿನ ಅವನ್ನು ಬಿಗಿಯಲು ಯಾರನ್ನು ಕರೆಯುತ್ತೀ?